ನದಿಯ ಇಳಿಜಾರಿನಲ್ಲಿ ಎಂಟು ದಿನ

"ನದಿಯ ಜೊತೆಗೇ ಕೆಳಗಿಳಿದು ಹೋಗೋ ದಾರಿ ಅಪ್ಪ, ಪೆಡಲ್ ತುಳಿಯೋ ಅಗತ್ಯವೇ ಬೀಳೋದಿಲ್ಲ" ಎಂದು ಮಗ ಮ್ಯೂನಿಕ್‌ನಿಂದ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಇಂಥ ಮಾತು ಕೇಳಿದ ಕೂಡಲೇ ಕಾಗದ ಪೆನ್ಸಿಲ್ ಬೇಕಾಗುತ್ತದೆ.

ಲೆಕ್ಕ ಹಾಕಿದೆ. ಜರ್ಮನಿಯ ಗಡಿಯ ಪಾಸಾವ್ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿ ಹರಿಯುವ ದೂರ ಸುಮಾರು 300 ಕಿಲೋಮೀಟರ್. ಅಷ್ಟು ದೂರಕ್ಕೆ ಅದು ಇಳಿಯುವುದು ಸುಮಾರು 130 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ. ಸವಾರ, ಸೈಕಲ್, ಸಾಮಾನು ಸೇರಿ ನೂರು ಕಿಲೋ ಎಂದಿಟ್ಟುಕೊಂಡರೆ ಈ ಇಳಿಜಾರು ನಮ್ಮನ್ನು ಮುಂದಕ್ಕೆ ಎಳೆಯುವ ಬಲ ಸುಮಾರು 43 ಗ್ರಾಂ ತೂಕದಷ್ಟು; ಒಂದು ನಿಂಬೆಹಣ್ಣಿನ ತೂಕ ಎನ್ನಿ. ಟೈರು ರಸ್ತೆಯ ಮೇಲೆ ಉರುಳುವಾಗ ಹಿಂದಕ್ಕೆ ತಡೆಯುವ ಬಲವೇ ಸುಮಾರು ಅರ್ಧ ಕಿಲೋ. ನದಿಗೆ ಸಾಕಾಗುವ ಇಳಿಜಾರು ಸೈಕಲ್ಲಿಗೆ ಸಾಲದು. "ತುಳಿಯಲೇಬೇಕು ಕಣೋ" ಎಂದೆ. "ನಿಂಬೆಹಣ್ಣಿನಷ್ಟಾದರೂ ಸಹಾಯ ಇದೆಯಲ್ಲ, ಬನ್ನಿ" ಎಂದು ಅವನು ನಕ್ಕ.

ನನ್ನ ಹೆಂಡತಿಗೆ ಬೇರೆಯೇ ಲೆಕ್ಕವಿತ್ತು. ಮಗ ಹೊರದೇಶಕ್ಕೆ ಹೋಗಿ ಆರು ವರ್ಷವಾಯಿತು. ಅವನಿಗೆಂದು ಮನೆಯ ಮೇಲೊಂದು ಮಹಡಿ ಎಬ್ಬಿಸುವ ಆಸೆಯಿಂದ ತಾರಸಿಯ ಮೂಲೆಗಳಲ್ಲಿ ಕಂಬದ ಕಬ್ಬಿಣದ ಸರಳುಗಳನ್ನು ಹಾಗೇ ಬಿಟ್ಟಿದ್ದೇವೆ. ಮಳೆಗೆ ಅವು ತುಕ್ಕು ಹಿಡಿಯುತ್ತಿವೆ. "ಅವನು ಊರಿಗೆ ವಾಪಸ್ ಬರ್ತಾನೋ ಇಲ್ವೋ, ಎದುರಿಗೇ ಒಂದು ಮಾತು ಕೇಳಿಕೊಂಡು ಬನ್ನಿ. ಫೋನಿನಲ್ಲಿ ಕೇಳಿದರೆ ಜಾರಿಕೊಳ್ತಾನೆ" ಎಂದಳು. ಅವಳ ತಾಯಿಗೆ ಹುಷಾರಿಲ್ಲದ್ದರಿಂದ ಅವಳು ಬರುವಂತಿರಲಿಲ್ಲ. 2023ರ ದಸರಾ ರಜೆಯಲ್ಲಿ, ಇಲಾಖೆಯ ಅನುಮತಿ ಪತ್ರ ಕೈಗೆ ಬಂದ ಮೇಲೆ, ನಾನೊಬ್ಬನೇ ವಿಮಾನ ಹತ್ತಿದೆ.

ಮೂರು ಬಣ್ಣದ ನೀರು

ಪಾಸಾವ್ ಒಂದು ತ್ರಿವೇಣಿ ಸಂಗಮ. ಆಲ್ಪ್ಸ್ ಪರ್ವತದ ಹಿಮ ಕರಗಿ ಬರುವ ಇನ್ ನದಿಯ ನೀರು ಬೂದುಹಸಿರು. ಕಾಡಿನ ಜೌಗು ನೆಲದಿಂದ ಬರುವ ಇಲ್ಸ್ ಎಂಬ ಪುಟ್ಟ ನದಿಯದು ಕಪ್ಪು. ನಡುವೆ ಡ್ಯಾನ್ಯೂಬ್. ಮೂರೂ ಕೂಡಿದ ಮೇಲೂ ಸ್ವಲ್ಪ ದೂರ ಬಣ್ಣಗಳು ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದನ್ನು ದಡದಲ್ಲಿ ನಿಂತು ನೋಡಬಹುದು. ವರ್ಷದ ಸರಾಸರಿ ತೆಗೆದರೆ ಇನ್ ತರುವ ನೀರೇ ಡ್ಯಾನ್ಯೂಬಿನದಕ್ಕಿಂತ ಹೆಚ್ಚು. ಆದರೂ ಮುಂದೆ ಹರಿಯುವ ನದಿಗೆ ಹೆಸರು ಡ್ಯಾನ್ಯೂಬ್. ನೀರು ಒಬ್ಬರದು, ಹೆಸರು ಇನ್ನೊಬ್ಬರದು!

ಊರಿನ ಪುರಭವನದ ಗೋಪುರದ ಗೋಡೆಯಲ್ಲಿ ಹಿಂದಿನ ಪ್ರವಾಹಗಳ ಮಟ್ಟವನ್ನು ಗೆರೆ ಎಳೆದು ಇಸವಿ ಸಹಿತ ಬರೆದಿದ್ದಾರೆ. 2013ರ ಜೂನ್ ತಿಂಗಳಿನಲ್ಲಿ ನೀರು 12.89 ಮೀಟರ್ ಮುಟ್ಟಿತ್ತು. ಅದಕ್ಕಿಂತ ಮೇಲೆ ಇರುವುದು 1501ನೆಯ ಇಸವಿಯ ಗೆರೆ. ತಲೆ ಎತ್ತಿ ನೋಡಬೇಕಾದ ಆ ಗೆರೆಗಳ ಕೆಳಗೆ ಜನ ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತಿದ್ದರು.

ಮಗ ಎರಡು ಬಾಡಿಗೆ ಸೈಕಲ್ ಗೊತ್ತುಮಾಡಿದ್ದ. ನಮ್ಮೂರಿನಿಂದ ಶಾಲೆಗೆ ಎಂಟು ಕಿಲೋಮೀಟರ್ ದಾರಿಯನ್ನು ನಾನು ವರ್ಷಗಟ್ಟಲೆ ತುಳಿದದ್ದು ಗೇರಿಲ್ಲದ, ಹ್ಯಾಂಡಲ್ ಕಡ್ಡಿಗೆ ಬುತ್ತಿ ಚೀಲ ಸಿಕ್ಕಿಸಿದ ಅಟ್ಲಾಸ್ ಸೈಕಲ್ಲಿನಲ್ಲಿ. ಇಲ್ಲಿ ಗೇರು, ಹಿಂದೆ ಎರಡು ಕಡೆ ನೀರು ಇಳಿಯದ ಚೀಲ, ತಲೆಗೆ ಶಿರಸ್ತ್ರಾಣ. ಮೊದಲ ಒಂದು ಗಂಟೆ ಗೇರು ಬದಲಿಸಲು ಹೋಗಿ ಬ್ರೇಕ್ ಹಿಡಿಯುತ್ತಿದ್ದೆ.

ದಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಹಿಂದಿನ ಕಾಲದಲ್ಲಿ ಈ ನದಿಯಲ್ಲಿ ಸರಕಿನ ದೋಣಿಗಳು ಕೆಳಕ್ಕೆ ಹೋಗುವಾಗ ನೀರೇ ಒಯ್ಯುತ್ತಿತ್ತು. ಮೇಲಕ್ಕೆ ಬರುವಾಗ ದಡದಲ್ಲಿ ಕುದುರೆಗಳು ಹಗ್ಗ ಕಟ್ಟಿ ಎಳೆಯಬೇಕಿತ್ತು. ಆ ಕುದುರೆಗಳಿಗಾಗಿ ನೀರಿನ ಅಂಚಿನಲ್ಲೇ ದಾರಿ ಮಾಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆದೋಣಿ ಬಂದು ಕುದುರೆಗಳಿಗೆ ಕೆಲಸ ತಪ್ಪಿತು. ಖಾಲಿ ಬಿದ್ದ ಆ ದಾರಿಯನ್ನೇ 1980ರ ದಶಕದಲ್ಲಿ ಸೈಕಲ್ ದಾರಿ ಮಾಡಿ, ಫಲಕ ಹಾಕಿದರು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರದ ಮೊದಲ ಗಾಡಿಯನ್ನು ಓಡಿಸಿ ತೋರಿಸಿದ್ದು ಕುದುರೆ ಇಲ್ಲದೆ ಮನುಷ್ಯ ವೇಗವಾಗಿ ಹೋಗಬಹುದೆಂದು. ಕೊನೆಗೆ ಸೈಕಲ್ಲು ಕುದುರೆಯ ದಾರಿಯನ್ನೇ ಪಡೆದುಕೊಂಡಿತು.

ದಡದಲ್ಲಿ ಅಲ್ಲಲ್ಲಿ ಕಿಲೋಮೀಟರ್ ಫಲಕಗಳಿವೆ. ಡ್ಯಾನ್ಯೂಬನ್ನು ಅಳೆಯುವುದು ಹುಟ್ಟಿದ ಜಾಗದಿಂದಲ್ಲ, ಕಪ್ಪು ಸಮುದ್ರವನ್ನು ಸೇರುವ ಜಾಗದಿಂದ. ಪಾಸಾವ್‌ನಲ್ಲಿ 2,200 ಚಿಲ್ಲರೆ ಇದ್ದ ಅಂಕಿ ನಾವು ತುಳಿದಂತೆಲ್ಲ ಕಡಿಮೆಯಾಗುತ್ತಾ ಹೋಯಿತು. ಹತ್ತು ದೇಶಗಳನ್ನು ಮುಟ್ಟಿ ಹರಿಯುವ ನದಿ ತಾನು ಎಷ್ಟು ದೂರ ಬಂದೆ ಎಂದು ಹೇಳುವುದಿಲ್ಲ. ಇನ್ನೆಷ್ಟು ದೂರ ಉಳಿದಿದೆ ಎನ್ನುತ್ತದೆ. ನಿವೃತ್ತಿಗೆ ಮೂರು ವರ್ಷ ಉಳಿದಿದ್ದ ನನಗೆ ಈ ಲೆಕ್ಕ ಪರಿಚಿತವೇ.

ಕೆಪ್ಲರನ ಪೀಪಾಯಿ

ಮೊದಲ ದಿನ ಕಾಡುಗುಡ್ಡಗಳ ನಡುವೆ ನಲವತ್ತು ಕಿಲೋಮೀಟರ್. ಶ್ಲೋಗನ್ ಎಂಬಲ್ಲಿ ನದಿ ಗಟ್ಟಿ ಬಂಡೆಗೆ ಸಿಕ್ಕಿ ಹಿಂದಿರುಗಿ ಹೊರಟಂತೆ ಪೂರ್ತಿ ಸುತ್ತು ಹಾಕುತ್ತದೆ. ಎರಡನೆಯ ದಿನ ಗುಡ್ಡಗಳು ದೂರ ಸರಿದು ತರಕಾರಿ ಹೊಲಗಳ ಬಯಲು ಎದುರಾಯಿತು. ಬಯಲಿನ ನಡುವೆ ಎಫರ್ಡಿಂಗ್ ಎಂಬ ಚಿಕ್ಕ ಊರು. ದಾರಿಯಿಂದ ಸ್ವಲ್ಪ ಒಳಗೆ ಹೋಗಬೇಕು. ಮಗನಿಗೆ ಅಷ್ಟು ಮನಸ್ಸಿರಲಿಲ್ಲ. ನಾನು ಹಟ ಹಿಡಿದೆ. ಏಕೆಂದರೆ ಗ್ರಹಗಳ ಚಲನೆಯ ಮೂರು ನಿಯಮಗಳನ್ನು ಕೊಟ್ಟ ಯೊಹಾನೆಸ್ ಕೆಪ್ಲರ್ 1613ರ ಅಕ್ಟೋಬರಿನಲ್ಲಿ ಎರಡನೆಯ ಮದುವೆಯಾದದ್ದು ಈ ಊರಿನಲ್ಲಿ. ಆಗ ಅವನು ಪಕ್ಕದ ಲಿಂಟ್ಸ್ ನಗರದಲ್ಲಿ ಗಣಿತದ ಮೇಷ್ಟ್ರು.

ಆ ವರ್ಷ ದ್ರಾಕ್ಷಿ ಬೆಳೆ ಚೆನ್ನಾಗಿ ಬಂದಿತ್ತು. ನದಿಯ ಕೆಳಭಾಗದ ತೋಟಗಳಿಂದ ವೈನ್ ತುಂಬಿದ ಪೀಪಾಯಿಗಳು ದೋಣಿಯಲ್ಲಿ ಲಿಂಟ್ಸ್‌ಗೆ ಬಂದು ದಡದಲ್ಲಿ ರಾಶಿ ಬಿದ್ದಿದ್ದವು. ಹೊಸ ಸಂಸಾರಕ್ಕೆಂದು ಕೆಪ್ಲರ್ ಕೆಲವನ್ನು ಕೊಂಡ. ಎಷ್ಟು ವೈನ್ ಇದೆಯೆಂದು ತಿಳಿಯಲು ಮಾರುವವನು ಒಂದು ಕೋಲು ತಂದ. ಪೀಪಾಯಿಯ ಹೊಟ್ಟೆಯ ನಡುವಿನ ತೂತಿನಿಂದ ಕೋಲನ್ನು ಓರೆಯಾಗಿ ತಳದ ಅಂಚಿನವರೆಗೆ ತೂರಿಸಿ, ಕೋಲಿನ ಮೇಲಿನ ಗುರುತು ನೋಡಿ ಬೆಲೆ ಹೇಳಿಬಿಟ್ಟ. ಪೀಪಾಯಿ ಉದ್ದವೋ ಗಿಡ್ಡವೋ, ದಪ್ಪವೋ ಸಣಕಲೋ, ಯಾವುದನ್ನೂ ನೋಡಲಿಲ್ಲ. ಕೆಪ್ಲರನಿಗೆ ಕಸಿವಿಸಿ. ಒಂದೇ ಅಳತೆ ತೋರಿಸುವ ಎರಡು ಪೀಪಾಯಿಗಳಲ್ಲಿ ಬೇರೆಬೇರೆ ಪ್ರಮಾಣದ ವೈನ್ ಇರಬಹುದಲ್ಲವೇ?

ಇರಬಹುದು, ನಿಜ. ನಾನು ಎಫರ್ಡಿಂಗ್‌ನ ಚೌಕದಲ್ಲಿ ಬೆಂಚಿನ ಮೇಲೆ ಕುಳಿತು ಮಗನ ಎದುರು ಲೆಕ್ಕ ಬಿಡಿಸಿದೆ. ಪೀಪಾಯಿಯನ್ನು ನೇರ ಉರುಳೆ ಎಂದು ತಿಳಿಯೋಣ. ಕೋಲಿನ ಅಳತೆ ಒಂದು ಮೀಟರ್ ಇರಲಿ. ಉರುಳೆಯ ಉದ್ದ ಕೇವಲ 40 ಸೆಂಟಿಮೀಟರ್ ಆದರೆ ಅದರಲ್ಲಿ ಹಿಡಿಯುವುದು ಸುಮಾರು 300 ಲೀಟರ್. ಉದ್ದ 115 ಸೆಂಟಿಮೀಟರ್ ಆದರೆ 605 ಲೀಟರ್! ಅದೇ ಕೋಲು, ಅದೇ ಗುರುತು, ಎರಡರಷ್ಟು ವೈನ್. ಆದರೆ ಸ್ವಾರಸ್ಯ ಮುಂದಿದೆ. ಆಸ್ಟ್ರಿಯಾದ ಬಡಗಿಗಳು ರೂಢಿಯಿಂದ ಮಾಡುತ್ತಿದ್ದ ಪೀಪಾಯಿಗಳ ಆಕಾರ ಈ ಅತಿ ಹೆಚ್ಚಿನ ಪ್ರಮಾಣದ ಹತ್ತಿರವೇ ಇತ್ತು. ಅಲ್ಲಿ ಉದ್ದವನ್ನು ಹತ್ತು ಸೆಂಟಿಮೀಟರ್ ಹೆಚ್ಚು ಮಾಡಿ, ಇಲ್ಲವೇ ಕಡಿಮೆ ಮಾಡಿ, ಹಿಡಿಯುವ ವೈನ್ 597–598 ಲೀಟರಿಗೆ ಇಳಿಯುತ್ತದೆ ಅಷ್ಟೆ. ನೂರಕ್ಕೆ ಒಂದು ಚಿಲ್ಲರೆ ವ್ಯತ್ಯಾಸ. ಆದ್ದರಿಂದ ವ್ಯಾಪಾರಿಯ ಒರಟು ಕೋಲು ಮೋಸದ್ದಲ್ಲ! ಶಿಖರದ ಹತ್ತಿರ ಸ್ವಲ್ಪ ಆಚೀಚೆ ಹೋದರೆ ಎತ್ತರ ಅಷ್ಟೇನೂ ಬದಲಾಗುವುದಿಲ್ಲ ಎಂಬ ಈ ತಿಳಿವನ್ನೇ ಮುಂದೆ ಕಲನಶಾಸ್ತ್ರ ಎತ್ತಿಕೊಂಡಿತು. 1615ರಲ್ಲಿ ಕೆಪ್ಲರ್ ವೈನ್ ಪೀಪಾಯಿಗಳ ಗಾತ್ರದ ಮೇಲೆ ಒಂದು ಪುಸ್ತಕವನ್ನೇ ಲಿಂಟ್ಸ್‌ನಲ್ಲಿ ಅಚ್ಚು ಹಾಕಿಸಿದ. ಗ್ರಹಗಳ ಮೂರನೆಯ ನಿಯಮ ಪ್ರಕಟವಾದದ್ದು ಅದಾದ ಮೇಲೆ, 1619ರಲ್ಲಿ.

"ಇದನ್ನ ಕ್ಲಾಸಿನಲ್ಲಿ ಯಾಕೆ ಹೇಳಲಿಲ್ಲ ಅಪ್ಪ?" ಎಂದ ಮಗ. ಅವನು ನನ್ನ ಶಾಲೆಯಲ್ಲೇ ಓದಿದವನು. ಪರೀಕ್ಷೆ, ಸಿಲಬಸ್ಸು ಎಂದು ಏನೋ ಹೇಳಿದೆ. ನಿಜವೆಂದರೆ ಮನೆಯಲ್ಲಿ ಅಪ್ಪನಾಗಿ, ಶಾಲೆಯಲ್ಲಿ ಮೇಷ್ಟ್ರಾಗಿ ಇಬ್ಬರೂ ಸೇರಿ ಅವನನ್ನು ಬೈದದ್ದೇ ಹೆಚ್ಚು. ಪಕ್ಕಪಕ್ಕದಲ್ಲಿ ಕೂತು ಹರಟಿದ್ದು ನೆನಪಿಗೆ ಬರಲಿಲ್ಲ.

ಬಯಲಿನ ಹಾದಿ

ಲಿಂಟ್ಸ್ ಉಕ್ಕಿನ ನಗರ. ಕಾದು ಕರಗಿದ ಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ಊದಿ ಉಕ್ಕು ಮಾಡುವ ವಿಧಾನಕ್ಕೆ ಎಲ್.ಡಿ. ವಿಧಾನ ಎನ್ನುತ್ತಾರೆ. 'ಎಲ್' ಎಂದರೆ ಈ ಲಿಂಟ್ಸ್, 'ಡಿ' ಎಂದರೆ ಆಸ್ಟ್ರಿಯಾದ್ದೇ ಡೊನಾವಿಟ್ಸ್. 1952ರಲ್ಲಿ ಇಲ್ಲಿ ಆರಂಭವಾದ ಈ ವಿಧಾನವನ್ನು ಭಾರತದಲ್ಲಿ ಮೊದಲು ತಂದದ್ದು ರೂರ್ಕೆಲಾ ಕಾರ್ಖಾನೆ. ದೂರದಿಂದ ಚಿಮಣಿಗಳಿಗೆ ಕೈಮುಗಿದು ಮುಂದೆ ಹೊರಟೆವು.

ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಸುಮಾರಿಗೆ ಎಡದಂಡೆಯ ಮೌಟ್‌ಹೌಸನ್ ಸಿಗುತ್ತದೆ. ನೀರಿನಂಚಿನಲ್ಲಿ ಬಣ್ಣಬಣ್ಣದ ಮನೆಗಳ ಚೆಂದದ ಊರು. ಮೇಲೆ ಗುಡ್ಡದಲ್ಲಿ ನಾಜಿಗಳ ಯಾತನಾ ಶಿಬಿರ. 1938ರಿಂದ 1945ರವರೆಗೆ ಇಲ್ಲಿಗೂ ಇದರ ಶಾಖೆಗಳಿಗೂ ತಂದ ಕೈದಿಗಳು ಸುಮಾರು 1,90,000. ಸತ್ತವರು ಕನಿಷ್ಠ 90,000. ಗ್ರಾನೈಟ್ ಗಣಿಯಿಂದ ಕಲ್ಲು ಹೊರಿಸಿ ಹತ್ತಿಸುತ್ತಿದ್ದ 186 ಮೆಟ್ಟಿಲುಗಳು ಇವತ್ತಿಗೂ ಇವೆ. ಸೈಕಲ್ಲನ್ನು ತಳ್ಳಿಕೊಂಡು ಗುಡ್ಡ ಹತ್ತಿದೆವು. ಎಂಟು ದಿನದಲ್ಲಿ ಅದೊಂದೇ ನಿಜವಾದ ಏರು. ಇಳಿದು ಬರುವಾಗ ಇಬ್ಬರೂ ಮಾತಾಡಲಿಲ್ಲ. ಇಷ್ಟು ತಣ್ಣಗೆ ಹರಿಯುವ ನದಿಯ ದಡದಲ್ಲಿ, ಇದೇ ಸೇಬಿನ ಮರಗಳ ನಡುವೆ ಇದೂ ನಡೆದಿತ್ತು.

ಆಮೇಲಿನ ಬಯಲು ವಿಶಾಲ. ಮೆಕ್ಕೆಜೋಳ ಕಟಾವಾದ ಹೊಲ, ಕುಂಬಳಕಾಯಿ ರಾಶಿ, ದಾರಿಗೆ ಚಾಚಿದ ಪೇರು ಸೇಬಿನ ಕೊಂಬೆ. ಈ ಭಾಗದಲ್ಲಿ ದ್ರಾಕ್ಷಿ ಇಲ್ಲ. ಜನ ಪೇರು ಸೇಬುಗಳ ರಸವನ್ನೇ ಹುಳಿಸಿ ಕುಡಿಯುತ್ತಾರೆ. ಬೆಳಗಿನ ಹೊತ್ತು ಮಂಜು ಎಷ್ಟೆಂದರೆ ಪಕ್ಕದಲ್ಲಿ ನದಿ ಇರುವುದು ಬಾತುಕೋಳಿಗಳ ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ಹತ್ತು ಗಂಟೆಗೆ ಬಿಸಿಲು ಬಂದ ಮೇಲೆ ಹಿಂದಿನಿಂದ ಪಶ್ಚಿಮದ ಗಾಳಿ. ಇಳಿಜಾರು ಕೊಡದ ಸಹಾಯವನ್ನು ಗಾಳಿ ಕೊಟ್ಟಿತು. ಹೆಚ್ಚಿನವರು ಪಾಸಾವ್‌ನಿಂದ ವಿಯೆನ್ನಾಕ್ಕೆ ಹೋಗುವುದು, ವಿಯೆನ್ನಾದಿಂದ ಪಾಸಾವ್‌ಗೆ ಬಾರದಿರುವುದು ಈ ಗಾಳಿಯ ಗುಟ್ಟಿನಿಂದಲೇ ಇರಬೇಕು.

ದಿನಕ್ಕೆ ನಲವತ್ತು, ಐವತ್ತು ಕಿಲೋಮೀಟರ್. ಗಂಟೆಗೆ ಹನ್ನೆರಡು ಹದಿನೈದರ ವೇಗ. ಈ ವೇಗದಲ್ಲಿ ಒಂದು ಗುಣವಿದೆ. ದೋಣಿಯವನ ಕೈಬೀಸು ಕಾಣುತ್ತದೆ, ಬೇಕರಿಯ ವಾಸನೆ ಬರುತ್ತದೆ. ಮಾತಾಡಬೇಕೆನಿಸಿದರೆ ಪಕ್ಕಕ್ಕೆ ಬರಬಹುದು, ಬೇಡವೆನಿಸಿದರೆ ಹತ್ತು ಮಾರು ಹಿಂದೆ ಉಳಿಯಬಹುದು. ಮುಖ ನೋಡಬೇಕಾದ ಕಷ್ಟವಿಲ್ಲ. ಮಗ ತನ್ನ ಕೆಲಸದ ಬಗ್ಗೆ, ಒಂದು ಚಳಿಗಾಲ ತಾನು ಬಹಳ ಒಂಟಿಯಾಗಿದ್ದುದರ ಬಗ್ಗೆ, ಅದನ್ನು ಮನೆಗೆ ಹೇಳದೆ ಇದ್ದುದರ ಬಗ್ಗೆ ಹೇಳಿದ್ದು ಹೀಗೆ, ರಸ್ತೆ ನೋಡುತ್ತಾ. ನಾನು ಬೆಲ್ಲು ಬಾರಿಸುತ್ತಾ ಕೇಳಿದೆ. ಹೆಂಡತಿ ಹೇಳಿ ಕಳಿಸಿದ ಪ್ರಶ್ನೆ ಮಾತ್ರ ನಾಲಿಗೆಯವರೆಗೆ ಬಂದು ಹಿಂದಿರುಗುತ್ತಿತ್ತು.

ಕಲ್ಲಿನ ಮೆಟ್ಟಿಲು, ದ್ರಾಕ್ಷಿಯ ಬಳ್ಳಿ

ನಾಲ್ಕನೆಯ ದಿನ ಮೆಲ್ಕ್. ಬಂಡೆಯ ಮೇಲೆ ಹಳದಿ ಬಣ್ಣದ ಭಾರೀ ಕ್ರೈಸ್ತ ಮಠ. ಅಲ್ಲಿಂದ ಕ್ರೆಮ್ಸ್ ಪಟ್ಟಣದವರೆಗಿನ ಮೂವತ್ತಾರು ಕಿಲೋಮೀಟರ್ ಕಣಿವೆಗೆ ವಾಖಾವ್ ಎಂದು ಹೆಸರು. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಬಯಲು ಮುಗಿದು ಗುಡ್ಡಗಳು ನೀರಿನವರೆಗೆ ಇಳಿದಿವೆ. ಗುಡ್ಡದ ಮೈಗೆ ಅಡಿಯಿಂದ ತುದಿಯವರೆಗೆ ಗಾರೆ ಹಾಕದ ಕಲ್ಲಿನ ಗೋಡೆಗಳು. ಒಂದೊಂದು ಗೋಡೆಯ ಹಿಂದೆ ನಾಲ್ಕಾರು ಸಾಲು ದ್ರಾಕ್ಷಿ. ಯಂತ್ರ ಹತ್ತದ ಜಾಗ; ಎಲ್ಲ ಕೈಕೆಲಸ. ಗಾರೆ ಇಲ್ಲದ್ದರಿಂದ ಮಳೆ ನೀರು ಕಲ್ಲಿನ ಸಂದಿಯಲ್ಲಿ ಜಾರಿಹೋಗುತ್ತದೆ, ಗೋಡೆ ಒಡೆಯುವುದಿಲ್ಲ. ಹಗಲಿಡೀ ಬಿಸಿಲು ಕುಡಿದ ಕಲ್ಲು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಅದೇ ಹೊತ್ತಿಗೆ ಉತ್ತರದ ಕಾಡಿನಿಂದ ತಣ್ಣನೆ ಗಾಳಿ ಇಳಿಯುತ್ತದೆ. ಹಗಲಿನ ಬಿಸಿ ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನೂ ಪರಿಮಳವನ್ನೂ ಉಳಿಸುತ್ತದೆ. ಮೇಲಿನ ಬಂಡೆ ನೆಲದಲ್ಲಿ ರೀಸ್ಲಿಂಗ್ ತಳಿ. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಹಾಸಿದ ನುಣುಪು ಹಳದಿ ಮಣ್ಣಿನಲ್ಲಿ ಗ್ರ್ಯೂನರ್ ವೆಲ್ಟ್‌ಲೀನರ್ ತಳಿ. ಇಲ್ಲಿನ ಅತಿ ಮಾಗಿದ ಹಣ್ಣಿನ ವೈನಿಗೆ 'ಸ್ಮರಾಗ್ಡ್' ಎಂದು ಹೆಸರು. ಅದು ಬಿಸಿಲು ಕಾಯಿಸಲು ಈ ಗೋಡೆಗಳ ಮೇಲೆ ಬರುವ ಪಚ್ಚೆ ಬಣ್ಣದ ಹಲ್ಲಿಯ ಹೆಸರು.

ದಾರಿಯಲ್ಲಿ ವಿಲ್ಲೆನ್‌ಡಾರ್ಫ್ ಎಂಬ ಹಳ್ಳಿ. 1908ರಲ್ಲಿ ರೈಲುದಾರಿಯ ಕೆಲಸ ನಡೆದಾಗ ಆ ಹಳದಿ ಮಣ್ಣಿನಲ್ಲಿ ಹನ್ನೊಂದು ಸೆಂಟಿಮೀಟರ್ ಎತ್ತರದ ಒಂದು ಹೆಣ್ಣಿನ ಕಲ್ಲಿನ ಮೂರ್ತಿ ಸಿಕ್ಕಿತು. ಸುಮಾರು 30,000 ವರ್ಷ ಹಳೆಯದು. ಮೂಲ ಮೂರ್ತಿ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. 2022ರಲ್ಲಿ ಪ್ರಕಟವಾದ ಪರಿಶೀಲನೆಯಂತೆ ಆ ಕಲ್ಲು ಬಹುಮಟ್ಟಿಗೆ ಉತ್ತರ ಇಟಲಿಯದು. ಅಂದರೆ ಆಲ್ಪ್ಸ್‌ನ ಆ ಕಡೆಯಿಂದ ಯಾರ್ಯಾರದೋ ಕೈಯಲ್ಲಿ, ಕಾಲ್ನಡಿಗೆಯಲ್ಲಿ, ಬಹುಶಃ ಹಲವು ತಲೆಮಾರುಗಳಲ್ಲಿ ಬಂದು ಇಲ್ಲಿ ಉಳಿಯಿತು. ಊರು ಬಿಟ್ಟು ಹೋಗುವುದು ನಮ್ಮ ಮಕ್ಕಳು ಕಂಡುಹಿಡಿದದ್ದೇನಲ್ಲ.

ಆ ರಾತ್ರಿ ಸ್ಪಿಟ್ಸ್ ಎಂಬ ಊರಿನಲ್ಲಿ ತಂಗಿದೆವು. ಒಂದು ಮನೆಯ ಮುಂದೆ ಕೋಲಿಗೆ ಹಸಿರು ಸೊಪ್ಪಿನ ಕಂತೆ ಕಟ್ಟಿತ್ತು. ತೋಟದವರ ಮನೆಯಲ್ಲೇ ಅವರದೇ ವೈನ್ ಸಿಗುತ್ತದೆ ಎಂಬುದಕ್ಕೆ ಅದು ಗುರುತು. 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಬೆಳೆಗಾರರಿಗೆ ಹೀಗೆ ಮಾರಲು ಕೊಟ್ಟ ಅನುಮತಿ ಇಂದಿಗೂ ನಡೆದುಕೊಂಡು ಬಂದಿದೆ. ಅಂಗಳದಲ್ಲಿ ಉದ್ದನೆಯ ಮರದ ಬೆಂಚು. ಅಜ್ಜ, ಅಜ್ಜಿ, ಮಕ್ಕಳು, ನಾಯಿ ಎಲ್ಲರೂ ಇದ್ದರು. ಸಸ್ಯಾಹಾರಿಯಾದ ನನಗೆ ಬ್ರೆಡ್ಡು, ಮೆಣಸಿನಪುಡಿ ಕಲಸಿದ ಗಿಣ್ಣು, ಆಲೂಗಡ್ಡೆ ಪಲ್ಯದಂಥ ಹುಳಿ ಸಾಲಡ್, ಕೊನೆಗೆ ಇಡೀ ಏಪ್ರಿಕಾಟ್ ಹಣ್ಣನ್ನು ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ ಸಿಹಿ ಕಡುಬು.

ನಾನು ಕುಡಿಯುವವನಲ್ಲ. ಹುಳಿಯದ ದ್ರಾಕ್ಷಿ ರಸ ತರಿಸಿಕೊಂಡೆ. ಮಗ ಸ್ವಲ್ಪ ಹೊತ್ತು ಪಟ್ಟಿ ನೋಡುತ್ತಾ ಇದ್ದು, "ಅಪ್ಪ, ನಾನೊಂದು ಲೋಟ ತಗೊಳ್ಳಲಾ?" ಎಂದ. ಇಪ್ಪತ್ತೊಂಬತ್ತು ವರ್ಷದವನು. ಮ್ಯೂನಿಕ್‌ನಲ್ಲಿ ಅವನನ್ನು ಕೇಳುವವರು ಯಾರೂ ಇಲ್ಲ. ಆದರೂ ಕೇಳಿದ. "ಒಂದೇ" ಎಂದೆ. ಇಬ್ಬರಿಗೂ ನಗು ಬಂತು.

ಅಕ್ಟೋಬರ್ ಆದ್ದರಿಂದ ಅಲ್ಲಿ 'ಷ್ಟುರ್ಮ್' ಎಂಬ ಇನ್ನೂ ಹುಳಿಯುತ್ತಿರುವ ರಸವೂ ಇತ್ತು. ಮೋಡ ಕವಿದಂತೆ ಮಸುಕು. ಬಾಟಲಿಗೆ ಬಿಗಿಯಾದ ಮುಚ್ಚಳ ಹಾಕುವುದಿಲ್ಲ. ಯೀಸ್ಟು ಒಂದೊಂದು ಗ್ಲೂಕೋಸ್ ಅಣುವನ್ನು ಒಡೆದು ಎರಡು ಆಲ್ಕೋಹಾಲ್ ಅಣು, ಎರಡು ಇಂಗಾಲದ ಡೈಆಕ್ಸೈಡ್ ಅಣು ಮಾಡುತ್ತಲೇ ಇರುತ್ತದೆ. ಅನಿಲಕ್ಕೆ ದಾರಿ ಬಿಡದಿದ್ದರೆ ಬಾಟಲಿ ಸಿಡಿಯುತ್ತದೆ. ಕಿವಿಯ ಹತ್ತಿರ ಹಿಡಿದೆ. ಸಣ್ಣಗೆ ಚುಸ್ ಎನ್ನುತ್ತಿತ್ತು. ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದ ಸಮೀಕರಣದ ಸದ್ದನ್ನು ಮೊದಲ ಸಲ ಕೇಳಿದೆ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಾಳಿಗೆಯಲ್ಲಿ ಕೆಳಗೆ ನಿಲ್ಲುತ್ತದೆ. ಹಿಂದೆಲ್ಲ ವೈನ್ ಮಾಡುವವರು ಉರಿಯುವ ಮೇಣದಬತ್ತಿ ಹಿಡಿದು ಇಳಿಯುತ್ತಿದ್ದರಂತೆ. ಬತ್ತಿ ಆರಿದರೆ ಹಿಂದಕ್ಕೆ ಓಡಬೇಕು.

ಎಂಜಿನ್ ಇಲ್ಲದ ದೋಣಿ

ಬೆಳಿಗ್ಗೆ ಸ್ಪಿಟ್ಸ್‌ನಿಂದ ಆಚೆ ದಡದ ಆರ್ನ್ಸ್‌ಡಾರ್ಫ್‌ಗೆ ಫೆರಿ ಹತ್ತಿದೆವು. ಕಾರುಗಳನ್ನೂ ಹೊರುವ ಈ ದೋಣಿಗೆ ಎಂಜಿನ್ ಇಲ್ಲ, ಹಾಯಿ ಇಲ್ಲ, ಹುಟ್ಟಿಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಕಟ್ಟಿದೆ. ದೋಣಿಯನ್ನು ಅದಕ್ಕೆ ರಾಟೆಯಿಂದ ಬಿಗಿದಿದೆ. ನಾವಿಕ ದೋಣಿಯನ್ನು ಪ್ರವಾಹಕ್ಕೆ ಸ್ವಲ್ಪ ಓರೆಯಾಗಿ ತಿರುಗಿಸುತ್ತಾನೆ. ನೀರು ಅದನ್ನು ಕೆಳಕ್ಕೆ ಒಯ್ಯಲು ನೋಡುತ್ತದೆ, ಹಗ್ಗ ಬಿಡುವುದಿಲ್ಲ. ಉಳಿದ ಬಲ ದೋಣಿಯನ್ನು ಅಡ್ಡಕ್ಕೆ ತಳ್ಳುತ್ತದೆ. ಗಾಳಿಪಟ ಏರುವುದು ಹೀಗೆಯೇ. ದಾರ ಹಿಡಿದಿರುವುದರಿಂದಲೇ ಗಾಳಿ ಅದನ್ನು ಮೇಲೆತ್ತುತ್ತದೆ. ದಾರ ಕಡಿದರೆ ಎಲ್ಲೋ ಬೀಳುತ್ತದೆ.

ಇದು ನಡೆಯಬೇಕಾದರೆ ನೀರು ಹರಿಯುತ್ತಿರಬೇಕು. ಆಸ್ಟ್ರಿಯಾದ ಡ್ಯಾನ್ಯೂಬಿನ ಹೆಚ್ಚಿನ ಭಾಗ ಜಲವಿದ್ಯುತ್ ಕಟ್ಟೆಗಳ ಹಿಂದೆ ನಿಧಾನಗೊಂಡಿದೆ. ನಾವೇ ದಾರಿಯಲ್ಲಿ ಹಲವು ಕಟ್ಟೆಗಳನ್ನು ದಾಟಿ ಬಂದಿದ್ದೆವು. ಅಂಥ ಅಡ್ಡಿಯಿಲ್ಲದೆ ಹರಿಯುವುದು ಈ ವಾಖಾವ್ ಕಣಿವೆಯಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ ಮಾತ್ರ. ಇಲ್ಲಿಯೂ ಕಟ್ಟೆಯ ಯೋಜನೆ ಇತ್ತು. 1970ರ ದಶಕದಲ್ಲಿ ಊರಿನವರೇ ಸೇರಿ ವಿರೋಧಿಸಿದ್ದರಿಂದ ಅದು ನಿಂತಿತು.

ನಡುನೀರಿನಲ್ಲಿ ಸದ್ದೇ ಇರಲಿಲ್ಲ. ನಾನು ಈ ಬಲಗಳ ವಿಷಯ ವಿವರಿಸುತ್ತಿದ್ದೆ. ಮಗ ಕಂಬಿ ಹಿಡಿದು ನೀರು ನೋಡುತ್ತಾ ಇದ್ದವನು, "ಅಪ್ಪ, ಮಹಡಿ ಕಟ್ಟಿಸಬೇಡಿ" ಎಂದ.

ನಾನು ಸುಮ್ಮನಾದೆ.

"ಬರೋದಿಲ್ಲ ಅಂತಲ್ಲ. ಬಂದು ಹೋಗ್ತಾ ಇರ್ತೀನಿ. ಅಮ್ಮನಿಗೆ ಹುಷಾರಿಲ್ಲ ಅಂದರೆ ಮಾರನೇ ದಿನ ಬರ್ತೀನಿ. ಆದರೆ ನನಗೆ ಅಂತ ಸಾಲ ಮಾಡಿ ಕಟ್ಟಬೇಡಿ. ಅದು ಖಾಲಿ ಇದ್ದರೆ ನಿಮಗೂ ಕಷ್ಟ, ನನಗೂ ಕಷ್ಟ. ನೀವು ಕೇಳ್ತೀರಿ ಅಂತ ಮೊದಲ ದಿನದಿಂದ ಕಾಯ್ತಾ ಇದ್ದೆ."

"ನಾನೂ ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ" ಎಂದೆ. ಹೇಳಲು ಇನ್ನೂ ಏನೋ ಇತ್ತು. ದೋಣಿ ದಡ ಮುಟ್ಟಿತು. ಹಿಂದಿದ್ದ ಕಾರಿನವನು ಎಂಜಿನ್ ಚಾಲೂ ಮಾಡಿದ. ನಾವು ಸೈಕಲ್ ತಳ್ಳಿಕೊಂಡು ಇಳಿದೆವು.

ಆಮೇಲೆ ಏಪ್ರಿಕಾಟ್ ತೋಟಗಳ ನಡುವೆ ದಾರಿ. ಆಚೆ ದಡದಲ್ಲಿ ಡ್ಯೂರ್ನ್‌ಸ್ಟೈನ್ ಊರಿನ ನೀಲಿ ಬಿಳಿ ಗೋಪುರ, ಅದರ ಮೇಲೆ ಪಾಳುಬಿದ್ದ ಕೋಟೆ. ಧರ್ಮಯುದ್ಧ ಮುಗಿಸಿ ಊರಿಗೆ ಹೊರಟಿದ್ದ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಹಿಡಿದು ಸೆರೆಯಿಟ್ಟದ್ದು ಅಲ್ಲಿ. ಮನೆ ತಲುಪಲು ಅವನ ಕಡೆಯವರು ಭಾರೀ ಒತ್ತೆಹಣ ತೆರಬೇಕಾಯಿತು. ನಾನು ಹತ್ತು ಮಾರು ಹಿಂದೆಯೇ ಉಳಿದೆ. ಮಗ ಮುಂದೆ ಹೋಗಿ, ಒಂದು ಮರದ ಕೆಳಗೆ ನಿಂತು ಕಾದ. ನಾನು ಸೇರಿಕೊಂಡ ಮೇಲೆ ಹೊರಟ. ಅಷ್ಟೇ.

ವಿಯೆನ್ನಾ ಮತ್ತು ನಿಂಬೆಹಣ್ಣು

ಕ್ರೆಮ್ಸ್ ದಾಟಿದ ಮೇಲೆ ಟುಲ್ನ್ ಬಯಲು. ನದಿ ಕಣಿವೆಯ ಬಿಗಿಯಿಂದ ಬಿಡಿಸಿಕೊಂಡು ಅಗಲವಾಗುತ್ತದೆ. ಕಿಲೋಮೀಟರ್ ಫಲಕದ ಅಂಕಿ 2,000ಕ್ಕಿಂತ ಕೆಳಗಿಳಿಯಿತು. ದಾರಿಯ ಪಕ್ಕ ತ್ಸ್ವೆಂಟೆನ್‌ಡಾರ್ಫ್‌ನಲ್ಲಿ ಒಂದು ಅಣುವಿದ್ಯುತ್ ಸ್ಥಾವರವಿದೆ. ಪೂರ್ತಿ ಕಟ್ಟಿದ ಮೇಲೆ 1978ರ ನವೆಂಬರಿನಲ್ಲಿ ಜನಮತ ಕೇಳಿದರು. ಬೇಡವೆಂದವರು ನೂರಕ್ಕೆ 50.47. ಸ್ಥಾವರ ಒಂದು ದಿನವೂ ನಡೆಯಲಿಲ್ಲ. ಕಟ್ಟಿದ ಮೇಲೆ ಖಾಲಿ ಬಿಡುವ ಧೈರ್ಯ ಒಂದು ದೇಶಕ್ಕೂ ಇತ್ತು ಎಂದು ನೋಡಿಕೊಂಡು ನಿಂತೆ. ಮಗ ಏನು ಯೋಚಿಸುತ್ತಿದ್ದಾನೆಂದು ಗೊತ್ತಾಗಿ ಇಬ್ಬರೂ ನಕ್ಕೆವು.

ಎಂಟನೆಯ ದಿನ ಮಧ್ಯಾಹ್ನ ವಿಯೆನ್ನಾ. ನಗರದ ಎಲ್ಲೆಯೊಳಗೇ ಗುಡ್ಡದ ಮೇಲೆ ದ್ರಾಕ್ಷಿ ತೋಟಗಳು ಕಂಡವು. ಆಯುಧಪೂಜೆಗೆ ಇನ್ನೂ ನಾಲ್ಕು ದಿನವಿತ್ತು. ಸೈಕಲ್ ಹಿಂದಿರುಗಿಸುವ ಮೊದಲು ಮಗ ಅಂಗಡಿಯೊಳಗೆ ಹೋಗಿ ಎರಡು ನಿಂಬೆಹಣ್ಣು ತಂದ. ನದಿಯ ದಡದಲ್ಲಿ ಒಂದೊಂದು ಚಕ್ರದ ಕೆಳಗೆ ಇಟ್ಟು ಮುಂದಕ್ಕೆ ತಳ್ಳಿದೆವು. ಅಲ್ಲಿದ್ದ ಒಬ್ಬ ಅಜ್ಜಿ ನಿಂತು ಕುತೂಹಲದಿಂದ ನೋಡಿದರು. ಮಗ ಅವರ ಭಾಷೆಯಲ್ಲಿ ಏನೋ ವಿವರಿಸಿದ. ಏನು ಹೇಳಿದೆ ಎಂದು ಕೇಳಿದೆ. "ನದಿ ಎಂಟು ದಿನ ಇಷ್ಟು ಸಹಾಯ ಮಾಡಿತು, ಅದನ್ನ ವಾಪಸ್ ಕೊಡ್ತಿದ್ದೀವಿ ಅಂದೆ" ಎಂದ.

ಹೋಗಬಯಸುವವರಿಗೆ ಎರಡು ಮಾತು. ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಆಮೇಲೆ ಫೆರಿಗಳು ಕಡಿಮೆ. ಪಾಸಾವ್‌ನಲ್ಲಿ ಬಾಡಿಗೆ ಸೈಕಲ್ ಪಡೆದು ವಿಯೆನ್ನಾದಲ್ಲಿ ಬಿಡುವ ಅನುಕೂಲವಿದೆ. ಷೆಂಗೆನ್ ವೀಸಾ ಒಂದೇ ಸಾಕು, ಗಡಿ ದಾಟಿದ್ದು ತಿಳಿಯುವುದೂ ಇಲ್ಲ. ಸುಸ್ತಾದರೆ ರೈಲು ಹತ್ತಬಹುದು. ನನ್ನ ವಯಸ್ಸಿನವರು ಹೆದರಬೇಕಾಗಿಲ್ಲ. ನಮ್ಮನ್ನು ಹಿಂದೆ ಹಾಕಿ ಹೋದವರಲ್ಲಿ ಎಪ್ಪತ್ತು ದಾಟಿದ ದಂಪತಿಗಳೇ ಹೆಚ್ಚು.

2024ರ ಸೆಪ್ಟೆಂಬರಿನಲ್ಲಿ ಭಾರೀ ಮಳೆಗೆ ಆ ಟುಲ್ನ್ ಬಯಲು ನೀರಿನಲ್ಲಿ ಮುಳುಗಿತು. ಬಯಲಿನ ರೈಲು ಮಾರ್ಗ ತಿಂಗಳುಗಟ್ಟಲೆ ನಿಂತಿತು. ಸುದ್ದಿ ಓದುವ ಮೊದಲೇ ಮಗನ ಫೋನು ಬಂತು. "ಅಪ್ಪ, ನಾವು ಹೋದ ದಾರಿ" ಎಂದ. ಅರ್ಧ ಗಂಟೆ ಮಾತಾಡಿದೆವು. ಹಿಂದೆ ನಮ್ಮ ಫೋನು ಮೂರು ನಿಮಿಷ ದಾಟುತ್ತಿರಲಿಲ್ಲ.

ಊರಿಗೆ ಬಂದ ದಿನ ಹೆಂಡತಿ ಕೇಳಿದ್ದಳು. ಅವನು ಹೇಳಿದ್ದನ್ನು ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಳು ಕತ್ತರಿಸಿಬಿಡೋಣವಾ?" ಎಂದಳು. ಕಬ್ಬಿಣ ತುಕ್ಕು ಹಿಡಿಯಲು ನೀರೂ ಗಾಳಿಯೂ ಬೇಕು. ಎರಡನ್ನೂ ದೂರವಿಟ್ಟರೆ ಅದು ಎಷ್ಟು ವರ್ಷವಾದರೂ ಇರುತ್ತದೆ. ಒಂದು ಭಾನುವಾರ ತಾರಸಿ ಹತ್ತಿ, ಸರಳುಗಳನ್ನು ಉಪ್ಪುಕಾಗದದಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದೆ. ಕತ್ತರಿಸಲಿಲ್ಲ.